ಕಾಡು ನೋಡುವ ಗೋಪುರ: ಕಬ್ಬಿಣವೋ, ಕಾಂಕ್ರೀಟೋ, ಕಲ್ಲೋ, ಬರೀ ಒಂದು ಮರೆಯೋ?

ಈ ವರ್ಷ ಮೂರು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ಒಬ್ಬರು ಕೊಪ್ಪಳದ ಕಡೆಯ ಗ್ರಾಮ ಪಂಚಾಯಿತಿ ಸದಸ್ಯರು. ಅವರೂರ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಇಳಿಯುತ್ತವೆ. ಇನ್ನೊಂದು ಗಂಗಾವತಿಯ ಹುಡುಗರ ಗುಂಪು. ಮೂರನೆಯವರು ಸಂಡೂರಿನ ಕಡೆಯ ರೈತರು, ಹೊಲದ ಅಂಚಿನಲ್ಲೇ ಕಾಡು. ಮೂವರೂ ಕೇಳಿದ್ದು ಹೀಗೆ: “ಸರ, ವಾಚ್ ಟವರ್ ಕಟ್ಟಬೇಕಂತ ಮಾಡೀವಿ. ಕಬ್ಬಿಣದ್ದು ಮಾಡಸೋಣೋ, ಕಾಂಕ್ರೀಟ್ ಮಾಡಸೋಣೋ?”

ನಾನು ಕಟ್ಟಡದ ನಕ್ಷೆ ಮಾಡುವವನು. ಬಿಡುವಾದಾಗಲೆಲ್ಲ ಬೈನಾಕ್ಯುಲರ್ ಹಿಡಿದು ಹೊರಡುವವನು. ಹಾಗಾಗಿ ಈ ಪ್ರಶ್ನೆಗೆ ಎರಡೂ ಕಡೆಯಿಂದ ಉತ್ತರ ಕೊಡಬಲ್ಲೆ. ಕಬ್ಬಿಣ, ಕಾಂಕ್ರೀಟು ಅನ್ನುವುದು ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಏನು ನೋಡಬೇಕು, ಎಲ್ಲಿ ಕೂತು ನೋಡಬೇಕು, ನೆಲ ಎಂಥದು, ಯಾರು ಹತ್ತುತ್ತಾರೆ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಗೊತ್ತಾಗಬೇಕು. ಇಷ್ಟು ಗೊತ್ತಾದರೆ ಯಾವುದರಲ್ಲಿ ಕಟ್ಟಬೇಕು ಅನ್ನುವುದು ಹೆಚ್ಚು ಚರ್ಚೆಯಿಲ್ಲದೆ ತೀರ್ಮಾನವಾಗುತ್ತದೆ. ಎಷ್ಟೋ ಕಡೆ ಗೋಪುರವೇ ಬೇಡ ಅಂತಲೂ ಆಗುತ್ತದೆ.

ಮೊದಲು ಏನು ನೋಡಬೇಕು ಅಂತ ಹೇಳಿ

ದರೋಜಿ ಕರಡಿಧಾಮಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. 1994ರಲ್ಲಿ ಘೋಷಣೆಯಾದ ಧಾಮ ಅದು. ಹಂಪಿಯಿಂದ ಬಹಳ ದೂರವಿಲ್ಲ. ಅಲ್ಲಿ ಮಧ್ಯಾಹ್ನ ಎದುರುಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚುತ್ತಾರೆ. ಬಿಸಿಲು ಇಳಿಯುತ್ತಾ ಬಂದಂತೆ ಕರಡಿಗಳು ಗವಿಯಿಂದ ಹೊರಟು ಆ ಬಂಡೆಗಳಿಗೆ ಬರುತ್ತವೆ. ನಾವು ಈಚೆ ಗುಡ್ಡದ ಮೇಲಿನ ವೀಕ್ಷಣಾ ಗೋಪುರದಲ್ಲಿ ಕೂತು ನೋಡುತ್ತೇವೆ. ಇಲ್ಲಿ ಕಟ್ಟಡ ಎಷ್ಟೆತ್ತರ ಅನ್ನುವುದು ದೊಡ್ಡ ವಿಷಯವಲ್ಲ. ನಾವು ಕೂತ ಜಾಗವೇ ಗುಡ್ಡ, ಎದುರಿಗಿರುವುದೂ ಇಳಿಜಾರು. ಎದುರಿನ ಇಳಿಜಾರು ಗೋಡೆಗೆ ತೂಗುಹಾಕಿದ ಪಟದ ಹಾಗೆ ಕಣ್ಣಿಗೆ ನೇರ ನಿಲ್ಲುತ್ತದೆ. ಪೊದೆಯ ಹಿಂದೆ ಅಡಗುವ ಜಾಗ ಕಡಿಮೆ.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗೆ ಇದು ದೊಡ್ಡ ಅನುಕೂಲ. ಎಲ್ಲಿ ನೋಡಿದರೂ ಬಂಡೆಗುಡ್ಡಗಳಿವೆ. ಎತ್ತರ ಪುಕ್ಕಟೆಯಾಗಿ ಸಿಗುತ್ತದೆ. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೋಟೆ ಕಟ್ಟಲು ಗುಡ್ಡ ಆರಿಸಿಕೊಂಡರು. ಬಯಲಿನ ಊರುಗಳಲ್ಲಿ ಮಾತ್ರ ಕಲ್ಲುಮಣ್ಣಿನ ಹುಡೇವು, ಅಂದರೆ ಕಾವಲು ಬುರುಜು, ಎಬ್ಬಿಸಿದರು. ನೀವೂ ಅದೇ ಲೆಕ್ಕ ಹಿಡಿಯಿರಿ. ನೋಡುವ ಜಾಗಕ್ಕೆ ಎದುರಾಗಿ ಗುಡ್ಡವೋ ಕೆರೆ ಏರಿಯೋ ಇದ್ದರೆ ಕಟ್ಟಡ ಗಿಡ್ಡದಿರಲಿ. ಪೂರ್ತಿ ಬಯಲಾದರೆ ಮಾತ್ರ ಎತ್ತರದ ಮಾತಾಡಿ.

ಬಯಲಿನಲ್ಲಾದರೂ ಎಷ್ಟೆತ್ತರ? ಇದಕ್ಕೊಂದು ಸುಲಭ ಲೆಕ್ಕ ಇದೆ. ಗೋಪುರದಿಂದ 40 ಮೀಟರ್ ದೂರದಲ್ಲಿ 3 ಮೀಟರ್ ಎತ್ತರದ ಬಳ್ಳಾರಿ ಜಾಲಿ ಪೊದೆ ಇದೆ ಅಂದುಕೊಳ್ಳಿ. ಅದರ ಹಿಂದೆ ಒಂದಿಷ್ಟು ನೆಲ ನಮಗೆ ಕಾಣುವುದಿಲ್ಲ. ನಿಲ್ಲುವ ಹಲಗೆ 3 ಮೀಟರ್ ಎತ್ತರದಲ್ಲಿದ್ದರೆ ಕಣ್ಣು ಸುಮಾರು ನಾಲ್ಕೂವರೆ ಮೀಟರಿನಲ್ಲಿರುತ್ತದೆ. ಆಗ ಪೊದೆಯ ಹಿಂದೆ 80 ಮೀಟರ್ ನೆಲ ಮರೆಯಾಗುತ್ತದೆ. ಹಲಗೆಯನ್ನು 6 ಮೀಟರಿಗೆ ಏರಿಸಿ. ಮರೆಯಾಗುವ ನೆಲ 27 ಮೀಟರಿಗೆ ಇಳಿಯುತ್ತದೆ. 12 ಮೀಟರಿಗೆ ಏರಿಸಿದರೆ 11 ಮೀಟರ್. ಮೊದಲ 3 ಮೀಟರ್ ಏರಿಸಿದ್ದಕ್ಕೆ 53 ಮೀಟರ್ ನೆಲ ಸಿಕ್ಕಿತು. ಆಮೇಲೆ ಇನ್ನೂ 6 ಮೀಟರ್ ಏರಿಸಿದರೂ ಸಿಕ್ಕಿದ್ದು ಬರೀ 16 ಮೀಟರ್.

ಖರ್ಚಿನದು ಇದಕ್ಕೆ ತದ್ವಿರುದ್ಧ. ಎತ್ತರ ಎರಡು ಪಟ್ಟಾದರೆ ಗಾಳಿ ತಗಲುವ ಮೈ ಎರಡು ಪಟ್ಟಾಗುತ್ತದೆ. ಅದು ತಳ್ಳುವ ಎತ್ತರವೂ ಎರಡು ಪಟ್ಟಾಗುತ್ತದೆ. ಹೀಗೆ ಗೋಪುರವನ್ನು ಬುಡಮೇಲು ಮಾಡುವ ಬಲ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಅದಕ್ಕೆ ತಕ್ಕ ಪಾಯ, ತಕ್ಕ ಕಬ್ಬಿಣ ಬೇಕು. ಆದ್ದರಿಂದ ನಾನು ಹೆಚ್ಚಿನವರಿಗೆ ಹೇಳುವುದು 6 ಮೀಟರ್. ಅದಕ್ಕಿಂತ ಮೇಲೆ ಹೋಗಲು ಗಟ್ಟಿ ಕಾರಣ ಬೇಕು.

ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮದಂಥ ಜಾಗ ತಗೊಳ್ಳಿ. ಸುಮಾರು 332 ಎಕರೆ. ಅಂದರೆ ಒಂದು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ಚಿಕ್ಕ ಜಾಗದ ನಡುವೆ ಎತ್ತರದ ಗೋಪುರ ನಿಲ್ಲಿಸಿದರೆ ಎಲ್ಲಾ ಮೂಲೆಗೂ ಅದೇ ಕಾಣುತ್ತದೆ. ಆ ಸೀಮೆಯಲ್ಲಿ ಕುರಿ ಮೇಯಿಸುವ ಅಜ್ಜಾರೊಬ್ಬರು ನನಗೆ ಹೇಳಿದ್ದರು: “ತಮ್ಮಾ, ನೀ ತ್ವಾಳ ನೋಡೂದಕ್ಕಿಂತ ಮೊದಲ ಅದು ನಿನ್ನ ನೋಡಿರತೈತಿ.” ಅವರ ಮಾತು ಪೂರ್ತಿ ನಿಜ. ಇಂಥ ಕಡೆ ಅಂಚಿನಲ್ಲಿ, ಏರುನೆಲದ ಮೇಲೆ, ಗಿಡ್ಡದೊಂದು ಮರೆ, ಅಂದರೆ ಅಡಗಿ ಕೂತು ನೋಡುವ ಗೂಡು, ಸಾಕು. ಮನುಷ್ಯರು ಓಡಾಡುವ ದಾರಿಯೂ ಹೊರಗಿನಿಂದಲೇ ಬರಬೇಕು.

ನೀರುನಾಯಿಗೂ ಗೋಪುರ ಬೇಡ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಅಲ್ಲಿ ದಂಡೆಯ ಬಂಡೆಯ ಹಿಂದೆ ತಗ್ಗಿ ಕೂತವರಿಗೆ ಕಾಣುವಷ್ಟು ಮೇಲೆ ನಿಂತವರಿಗೆ ಕಾಣುವುದಿಲ್ಲ. ಆಕಾಶದ ಎದುರು ನಿಂತ ಮನುಷ್ಯನ ತಲೆ ಎಲ್ಲಾ ಪ್ರಾಣಿಗೂ ದೂರದಿಂದಲೇ ಎದ್ದು ಕಾಣುತ್ತದೆ.

ಬಿಸಿಲು ಬೆನ್ನಿಗೆ, ಗಾಳಿ ಮುಖಕ್ಕೆ

ಈ ಎರಡು ತಪ್ಪಿದರೆ ಎಷ್ಟು ಖರ್ಚು ಮಾಡಿದರೂ ಗೋಪುರ ದಂಡ. ನಾನು ಒಂದು ಕಡೆ ಹೊಸ ಗೋಪುರ ಹತ್ತಿದ್ದೆ. ಕೆಲಸ ಚೆನ್ನಾಗಿಯೇ ಆಗಿತ್ತು. ಆದರೆ ನೋಡಬೇಕಾದ ಕೊಳ್ಳ ಪಡುವಣಕ್ಕಿತ್ತು. ಸಂಜೆ ಐದಕ್ಕೆ ಸೂರ್ಯ ನೇರ ಕಣ್ಣಿಗೇ. ಹಣೆಗೆ ಕೈ ಅಡ್ಡ ಹಿಡಿದರೂ ಎದುರಿನದೆಲ್ಲ ಕಪ್ಪು ಕಪ್ಪು. ಪಕ್ಕದಲ್ಲಿದ್ದ ಹುಡುಗಿ “ಅಪ್ಪಾ, ಅದು ಕಲ್ಲೋ ಕರಡಿಯೋ?” ಅಂತ ಮತ್ತೆ ಮತ್ತೆ ಕೇಳುತ್ತಿದ್ದಳು. ಅವರಪ್ಪನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಆ ಮಗು ದೂರದಿಂದ ಬಂದಿತ್ತು. ಕತ್ತಲಾಗುವವರೆಗೂ ಕಾದು ಏನೂ ಕಾಣದೆ ಇಳಿಯಿತು. ನಕ್ಷೆ ಹಾಕುವ ದಿನ ಒಂದು ಸಂಜೆ ಯಾರಾದರೂ ಅಲ್ಲಿ ನಿಂತು ನೋಡಿದ್ದರೆ ಇದು ತಪ್ಪುತ್ತಿತ್ತು.

ಸಂಜೆ ಹೊತ್ತು ನೋಡುವ ಜಾಗವಾದರೆ ನೀವು ಪಡುವಣದಲ್ಲಿ ಕೂತು ಮೂಡಣಕ್ಕೆ ನೋಡಬೇಕು. ಬೆಳಿಗ್ಗೆ ನೋಡುವ ಜಾಗವಾದರೆ ತಿರುವುಮುರುವು. ಎರಡೂ ಹೊತ್ತು ನೋಡುವ ಕೆರೆಯಾದರೆ? ಚಳಿಗಾಲದ ವಲಸೆ ಹಕ್ಕಿಗಳಿಗಾಗಿ ಕಟ್ಟುವುದಾದರೆ ತೆಂಕಣ ದಂಡೆಯಲ್ಲಿ ಕೂತು ಬಡಗಣಕ್ಕೆ ನೋಡಿ. ಹಕ್ಕಿಗಳಿರುವ ತಿಂಗಳುಗಳಲ್ಲಿ ನಮ್ಮ ಕಡೆ ಸೂರ್ಯ ದಿನವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಬೆಳಗಿನಿಂದ ಸಂಜೆವರೆಗೂ ಬೆಳಕು ನಿಮ್ಮ ಬೆನ್ನ ಹಿಂದೆಯೋ ಮಗ್ಗುಲಿಗೋ ಬೀಳುತ್ತದೆ. ಪಟ್ಟೆತಲೆ ಹೆಬ್ಬಾತಿನ ತಲೆಯ ಎರಡು ಕರಿ ಪಟ್ಟೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಗಾಳಿಯ ವಿಷಯ ಸ್ವಲ್ಪ ಕಷ್ಟ. ಕರಡಿಗೆ ಕಣ್ಣು ಮಂದ, ಮೂಗು ಬಲು ಚುರುಕು. ನಮ್ಮ ಮೈವಾಸನೆ ಅದರ ಕಡೆ ಹೋಗಬಾರದು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಸಂಜೆ ಬೆಳಕಿಗಾಗಿ ನೀವು ಪಡುವಣದಲ್ಲಿ ಕೂತರೆ ಆಗ ವಾಸನೆ ನೇರ ಅದರ ಕಡೆಗೇ ಹೋಗುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದ ಕಡೆಯಿಂದ ಬರುತ್ತದೆ. ಬೆಳಕೂ ಗಾಳಿಯೂ ಎರಡೂ ಸರಿಹೊಂದುವುದು ಆವಾಗಲೇ. ಜನ ಜಾಸ್ತಿ ಬರುವುದೂ ಆ ತಿಂಗಳುಗಳಲ್ಲೇ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಬೆಳಕನ್ನೇ ಆರಿಸುತ್ತೇನೆ. ಮುಂಗಾರಿನಲ್ಲಿ ಜನರನ್ನು ಕಡಿಮೆ ಬಿಟ್ಟರಾಯಿತು. ಆದರೆ ಗುಡ್ಡಗಳ ನಡುವೆ ಗಾಳಿ ತನ್ನದೇ ದಾರಿ ಹಿಡಿಯುತ್ತದೆ. ಅಲ್ಲಿನ ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಅಂತ ಪಕ್ಕದ ಕಣದಲ್ಲಿ ರಾಶಿ ತೂರುವವರನ್ನು ಕೇಳಿ. ಅವರಷ್ಟು ಖಚಿತವಾಗಿ ಯಾರೂ ಹೇಳಲಾರರು.

ನೆಲ, ಜನ, ಆಮೇಲಿನ ಕೆಲಸ

ನೆಲ ಎರಡು ಥರ ಅಂತ ಇಟ್ಟುಕೊಳ್ಳಿ. ಮಸಾರಿ ನೆಲ, ಬಂಡೆ ನೆಲ ಇದ್ದರೆ ಪಾಯದ ಚಿಂತೆ ಕಡಿಮೆ. ಎರೆ ನೆಲವಾದರೆ ಚಿಂತೆ ಮಾಡಲೇಬೇಕು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಸಾಮಾನ್ಯ ಫುಟಿಂಗ್ ಹಾಕಿದರೆ ಒಂದು ಕಾಲು ಎದ್ದು ಇನ್ನೊಂದು ಕೂರುತ್ತದೆ. ಮನೆಯಾದರೆ ಗೋಡೆ ಬಿರುಕು ಬಿಡುತ್ತದೆ. ಗೋಪುರವಾದರೆ ವಾಲುತ್ತದೆ. ಎರೆ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗೆಡ್ಡೆಯ ಹಾಗೆ ದಪ್ಪಗಾಗುವ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಂಬ, ರೂಪಿಸಿದ್ದಾರೆ. ಅದು ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಇಳಿಯಬೇಕು. ಆ ಆಳದಲ್ಲಿ ಮಣ್ಣು ಹೆಚ್ಚು ಮಿಸುಕುವುದಿಲ್ಲ. ಇದಕ್ಕೆ ಖರ್ಚು ಬರುತ್ತದೆ. ಎರೆ ಬಯಲಿನಲ್ಲಿ ಗೋಪುರ ಬೇಕೇ ಬೇಕಾದರೆ ಮೊದಲು ದುಡ್ಡು ಎತ್ತಿಡಬೇಕಾದ್ದು ಇದಕ್ಕೆ.

ಬಂಡೆಯ ಮೇಲೂ ಒಂದು ಎಚ್ಚರ ಬೇಕು. ನಮ್ಮ ಗುಡ್ಡಗಳಲ್ಲಿ ಮನೆಯಷ್ಟು ದೊಡ್ಡ ಗುಂಡುಗಳು ಸುಮ್ನೆ ಒಂದರ ಮೇಲೊಂದು ಕೂತಿರುತ್ತವೆ. ಮೇಲಿಂದ ನೋಡಿದರೆ ತಾಯಿಬಂಡೆ ಅನ್ನಿಸುತ್ತದೆ. ಸುತ್ತ ಇಳಿದು, ಬುಡ ನೋಡಿ, ಅದು ನೆಲಕ್ಕೆ ಸೇರಿದ ಬಂಡೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ತೂತು ಕೊರೆದು ಸರಳು ಕೂರಿಸಿ ಸಿಮೆಂಟು ಹಾಲು ತುಂಬಿ. ಸಿಡಿಮದ್ದು ಮಾತ್ರ ಬೇಡ. ಗವಿಯಲ್ಲಿರುವ ಪ್ರಾಣಿಗಳು ಗುಡ್ಡವನ್ನೇ ಬಿಟ್ಟುಹೋಗುತ್ತವೆ.

ಜನರ ಲೆಕ್ಕವನ್ನು ತಲೆ ಎಣಿಸಿ ಮಾಡಬೇಡಿ. 4 ಮೀಟರ್ ಉದ್ದ, 4 ಮೀಟರ್ ಅಗಲದ ಅಟ್ಟದಲ್ಲಿ 20 ಜನ ನಿಂತರೆ ತೂಕ ಸುಮಾರು ಒಂದೂವರೆ ಟನ್. ಆದರೆ “ಅಲ್ನೋಡ್ರಿ!” ಅಂತ ಯಾರೋ ಕೂಗಿದ ತಕ್ಷಣ ಎಲ್ಲರೂ ಒಂದೇ ಬದಿಯ ಕಟಾಂಜನಕ್ಕೆ (ಅಂಚಿನ ತಡೆಗಂಬಿಗೆ) ನುಗ್ಗುತ್ತಾರೆ. ಹಬ್ಬದ ದಿನ ಇಪ್ಪತ್ತು ಹೋಗಿ ಐವತ್ತಾಗುತ್ತದೆ. ಜನ ಗುಂಪುಗೂಡಿ ನಿಲ್ಲುವ ಜಾಗಕ್ಕೆ ಭಾರತೀಯ ಮಾನಕ ಹೇಳುವುದು ಚದರ ಮೀಟರಿಗೆ ಸುಮಾರು 500 ಕಿಲೋ. ಅಂದರೆ ಆ ಅಟ್ಟ 8 ಟನ್ ಹೊರುವಂತಿರಬೇಕು. ನಿಮ್ಮ ಎಂಜಿನಿಯರ್ ಈ ಅಂಕಿ ಹಿಡಿದಿದ್ದಾರಾ ಅಂತ ಕೇಳಿ.

ವಯಸ್ಸಾದವರು, ಗಾಲಿಕುರ್ಚಿಯಲ್ಲಿರುವವರು, ಮಕ್ಕಳು ನೋಡಬಾರದಾ? 6 ಮೀಟರ್ ಅಂದರೆ 37-38 ಮೆಟ್ಟಿಲು. ಮಂಡಿನೋವಿನವರಿಗೆ ಅಷ್ಟೇ ಕಷ್ಟ. ಗಾಲಿಕುರ್ಚಿಗೆ ಒಂದು ಮೀಟರ್ ಏರಲು 12 ಮೀಟರ್ ಉದ್ದದ ಇಳಿಜಾರು ಬೇಕು. 6 ಮೀಟರಿಗೆ 72 ಮೀಟರ್, ನಡುವೆ ನಿಲ್ಲುವ ಜಾಗ ಬೇರೆ. ಗೋಪುರಕ್ಕೆ ಇದು ಆಗದ ಮಾತು. ಕೆರೆ ಏರಿಗೆ ಮಾತ್ರ ಆಗುತ್ತದೆ. ಏರಿ ಹೇಗೂ ಎತ್ತರದಲ್ಲೇ ಇದೆ, ಅದರ ಪಕ್ಕೆಯಲ್ಲಿ ಓರೆಯಾಗಿ ದಾರಿ ಕಡಿದರೆ ಸಾಕು. ಏರಿಯ ಮಣ್ಣು ಮುಟ್ಟುವ ಮೊದಲು ಕೆರೆಯ ಹೊಣೆ ಹೊತ್ತ ಇಲಾಖೆಯ ಒಪ್ಪಿಗೆ ಪಡೆಯಿರಿ.

ಒಪ್ಪಿಗೆಯ ಮಾತು ಬಂತು, ಇಲ್ಲೇ ಹೇಳಿಬಿಡುತ್ತೇನೆ. ವನ್ಯಜೀವಿಧಾಮದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಅರಣ್ಯ ಇಲಾಖೆಯನ್ನು ಬಿಟ್ಟು ಒಂದು ಕಂಬವನ್ನೂ ನೆಡುವಂತಿಲ್ಲ. ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಅನ್ನುವ ವರ್ಗಗಳು ಆ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದವು. ಅಲ್ಲಿ ಊರಿನವರ ಮಾತಿಗೆ ಜಾಗ ಇದೆ. ಆದರೂ ಇಲಾಖೆಯನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ.

ಈಗ ಒಂದೊಂದಾಗಿ ತೂಗೋಣ

ಮೊದಲು ನನಗೆ ಬಲು ಇಷ್ಟವಾದದ್ದು, ನೆಲಮಟ್ಟದ ಮರೆ. ಮೂರು ಕಡೆ ಗೋಡೆ, ಮುಂದೆ ಉದ್ದನೆಯ ಕಿಂಡಿ, ಮೇಲೆ ಚಪ್ಪರ. ಇಷ್ಟೇ. ನಮ್ಮ ಕಡೆ ಹೊಲದ ಬೇಲಿಗೆ ನೆಡುವ ಕಲ್ಲುಕಂಬಗಳೇ ಇದಕ್ಕೂ ಕಂಬ. ಗೆದ್ದಲು ಹತ್ತುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮೇಲೆ ಈಚಲ ಗರಿಯೋ ಹುಲ್ಲೋ ಹೊದಿಸಬಹುದು. ಕಿಂಡಿ ಎರಡು ಎತ್ತರದಲ್ಲಿರಲಿ. ಒಂದು ಬೆಂಚಿನ ಮೇಲೆ ಕೂತ ದೊಡ್ಡವರ ಕಣ್ಣಿಗೆ, ಇನ್ನೊಂದು ಮಕ್ಕಳಿಗೆ. ಗಾಲಿಕುರ್ಚಿಯಲ್ಲಿ ಕೂತವರಿಗೂ ಅದರಲ್ಲೊಂದು ಹೊಂದುತ್ತದೆ. ಕಿಂಡಿಯ ಕೆಳಗೆ ಮೊಣಕೈ ಊರುವಷ್ಟು ಅಗಲದ ಹಲಗೆ ಹಾಕಿ. ಬೈನಾಕ್ಯುಲರ್ ಅಲುಗದೆ ನಿಲ್ಲಲು ಇದೊಂದೇ ಸಾಕು. ಬಾಗಿಲು ಹಿಂದಿನಿಂದ. ಬಾಗಿಲಿನವರೆಗೆ ಬರುವ ದಾರಿಗೂ ಎರಡೂ ಕಡೆ ತಡಿಕೆಯೋ ಗಿಡವೋ ಇರಲಿ. ಒಳಗೆ ಕೂತವರನ್ನು ಹಕ್ಕಿ ಮರೆತರೂ ನಡೆದು ಬರುವವರನ್ನು ಕಂಡರೆ ಕೆರೆಯೇ ಎದ್ದುಹೋಗುತ್ತದೆ.

ಅಂಕಸಮುದ್ರದಂಥ ಕೆರೆಗಳಿಗೆ ಇದೇ ಸರಿ. 2024ರಲ್ಲಿ ರಾಮ್‌ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿ) ಸೇರಿದ ಆ ಕೆರೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ನೀರಿನಲ್ಲೇ ನಿಂತ ಜಾಲಿಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಗೂಡಿಗಿಂತ ಎತ್ತರದಲ್ಲಿ ಮನುಷ್ಯ ನಿಂತರೆ ತಾಯಿಹಕ್ಕಿಗೆ ಗಾಬರಿ. ಅದು ಏಳುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಕೆಳಗಿನಿಂದ, ದೂರದಿಂದ, ಮರೆಯಿಂದ ನೋಡುವುದೇ ಒಳ್ಳೆಯದು. ಮರೆಯ ಕೊರತೆ ಒಂದೇ. ಒಮ್ಮೆಗೆ ಎಂಟು ಹತ್ತು ಜನ, ಅಷ್ಟೇ. ಶಾಲೆಯ ಬಸ್ಸು ಬಂದರೆ ಸರದಿ ಮಾಡಬೇಕು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಚಪ್ಪರದ ಹೊದಿಕೆ ಬದಲಿಸಬೇಕು. ಆ ಕೆಲಸ ಊರಿನವರಿಗೇ ಬರುತ್ತದೆ, ಕಂಟ್ರಾಕ್ಟರ್ ಬೇಕಿಲ್ಲ.

ಮರದ ಅಟ್ಟಣಿಗೆ ಅಂದರೆ ಎಲ್ಲರಿಗೂ ಆಸೆ. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಕವಣೆ ಹಿಡಿದು ನಿಂತ ಅಟ್ಟಣಿಗೆ ನೆನಪಾಗುತ್ತದೆ, ಅಲ್ವಾ? ನೋಡಲೂ ಕಾಡಿಗೆ ಒಪ್ಪುತ್ತದೆ. ಆದರೆ ಅದು ಒಂದು ಬೆಳೆಗೆ, ಒಬ್ಬಿಬ್ಬರಿಗೆ ಕಟ್ಟಿದ್ದು. ಜನರು ಹತ್ತುವ ಗೋಪುರಕ್ಕೆ ನಮ್ಮ ಒಣಸೀಮೆಯಲ್ಲಿ ಗೆದ್ದಲು, ಬಿಸಿಲು ಎರಡೂ ಶತ್ರು. ಒಳಗೆ ತಿಂದಿರುವುದು ಹೊರಗೆ ಕಾಣುವುದಿಲ್ಲ. 3 ಮೀಟರಿನೊಳಗೆ, ಕಲ್ಲುಕಂಬದ ಮೇಲೆ ಮರದ ಅಟ್ಟ ಕೂರಿಸುವುದಾದರೆ ಮಾಡಿ. ಮರ ಎಲ್ಲೂ ಮಣ್ಣು ಮುಟ್ಟದಿರಲಿ. ಅದಕ್ಕಿಂತ ಎತ್ತರಕ್ಕೆ ಬೇಡ.

ಕಲ್ಲಿನ ಕಟ್ಟೆ ಅಥವಾ ಮಂಟಪ ಗುಡ್ಡದ ಮೇಲೆ ಕಟ್ಟುವವರಿಗೆ. ಅಲ್ಲೇ ಸಿಗುವ ಕಲ್ಲಿನಂಥದೇ ಸೈಜುಗಲ್ಲು ತಂದು, ಎದೆಮಟ್ಟದ ಗೋಡೆ ಎಬ್ಬಿಸಿ, ನೆರಳು ಮಾಡಿದರೆ ಮುಗಿಯಿತು. ಗುಡ್ಡದ ಬಣ್ಣದಲ್ಲೇ ಬೆರೆತುಹೋಗುತ್ತದೆ. ಗಾಳಿಗೆ ಅಲುಗುವುದಿಲ್ಲ, ಹೆಜ್ಜೆಗೆ ಸದ್ದಾಗುವುದಿಲ್ಲ. ನೋಡಿಕೊಳ್ಳುವ ಕೆಲಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡು ತೊಂದರೆ ಇದೆ. ಸಾಮಾನು ಮೇಲೆ ಸಾಗಿಸುವ ಕೂಲಿ ಜಾಸ್ತಿ. ಅದಕ್ಕಾಗಿ ಗುಡ್ಡಕ್ಕೆ ರಸ್ತೆ ಕಡಿಯಲು ಹೋಗಬೇಡಿ, ಕತ್ತೆ ಮೇಲೋ ತಲೆಹೊರೆಯಲ್ಲೋ ಸಾಗಿಸಿ. ಎರಡನೆಯದು, ಕಲ್ಲುಚಪ್ಪಡಿಯ ಮಾಳಿಗೆ ದಿನವಿಡೀ ಕಾದು ಸಂಜೆಗೆ ಕಾವು ಬಿಡುತ್ತದೆ. ಜನ ಕೂರುವುದು ಅದೇ ಸಂಜೆ. ಗೋಡೆ ಕಲ್ಲಿನದಿರಲಿ, ಮಾಡು ಹುಲ್ಲಿನದೋ ಹಂಚಿನದೋ ಇರಲಿ. ನಿಮ್ಮಲ್ಲಿ ಗುಡ್ಡ ಇದ್ದರೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಇನ್ನು ಕಬ್ಬಿಣ, ಕಾಂಕ್ರೀಟು. ಬಯಲು, ಪೊದೆಗಾಡು, 6 ಮೀಟರ್ ಬೇಕೇ ಬೇಕು ಅನ್ನುವವರಿಗೆ ನಿಜವಾದ ಆಯ್ಕೆ ಈ ಎರಡರ ನಡುವೆ.

ಕಬ್ಬಿಣದ ದೊಡ್ಡ ಲಾಭ ಅಂದರೆ ಕಾಡಿನೊಳಗೆ ಕೆಲಸ ಬೇಗ ಮುಗಿಯುತ್ತದೆ. ವರ್ಕ್‌ಶಾಪಿನಲ್ಲೇ ಆಂಗಲ್, ಚಾನೆಲ್ ಕತ್ತರಿಸಿ, ತೂತು ಹಾಕಿ, ಸತುವಿನ ಪಾಕದಲ್ಲಿ ಅದ್ದಿಸಿ ತರಬಹುದು. ಕಾಡಿನಲ್ಲಿ ಮಾಡುವುದು ಬೋಲ್ಟ್ ಬಿಗಿಯುವುದಷ್ಟೇ. ಕಂಟ್ರಾಕ್ಟರ್ “ಅಲ್ಲೇ ವೆಲ್ಡಿಂಗ್ ಮಾಡ್ತೀವಿ, ಬಣ್ಣ ಹೊಡೀತೀವಿ” ಅಂದರೆ ಒಪ್ಪಬೇಡಿ. ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಒಣಹುಲ್ಲಿನ ನಡುವೆ ಕಿಡಿ ಹಾರುವುದು ಬೇರೆ. ಜಾಗ ತಪ್ಪಾಗಿದೆ ಅಂತ ಮುಂದೆ ಗೊತ್ತಾದರೆ ಬೋಲ್ಟ್ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. ಕಾಂಕ್ರೀಟಿಗೆ ಈ ಅನುಕೂಲ ಇಲ್ಲ.

ಕಬ್ಬಿಣದ ತೊಂದರೆ ಮೂರು. ಸುಡುತ್ತದೆ, ಸದ್ದು ಮಾಡುತ್ತದೆ, ಅಲುಗುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಬಳ್ಳಾರಿ ಬಿಸಿಲಿನಲ್ಲಿ ಬರಿ ಕಟಾಂಜನ ಹಿಡಿದವರ ಅಂಗೈ ಚುರ್ ಅನ್ನುತ್ತದೆ. ಕೈ ಹಿಡಿಯುವ ಕಡೆ ಮರದ ಪಟ್ಟಿ ಕೂರಿಸಿ, ಇಲ್ಲವೇ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿಸಿ. ಚೆಕರ್ ಪ್ಲೇಟಿನ ಮೆಟ್ಟಿಲ ಮೇಲೆ ಬೂಟುಗಾಲಿನ ಸದ್ದು ಕೊಳ್ಳದ ಆಚೆಗೂ ಕೇಳುತ್ತದೆ. ಅದರ ಮೇಲೆ ರಬ್ಬರ್ ಹಾಸು ಬೇಕು. ಅಲುಗಾಟಕ್ಕೆ ಒಂದೇ ಮದ್ದು, ಮೆಟ್ಟಿಲನ್ನೂ ಅಟ್ಟವನ್ನೂ ಬೇರೆ ಬೇರೆ ಕಾಲುಗಳ ಮೇಲೆ ನಿಲ್ಲಿಸುವುದು. ಎರಡರ ನಡುವೆ ಎರಡು ಬೆರಳಷ್ಟು ಸಂದು ಬಿಡಿ. ಬೈನಾಕ್ಯುಲರ್ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವಾಗ ಅಲುಗಾಟವನ್ನೂ ಎಂಟು ಪಟ್ಟು ಮಾಡುತ್ತದೆ. ಸಂದು ಬಿಟ್ಟರೆ ಯಾರೋ ಹತ್ತಿ ಬರುವಾಗ ಮೇಲಿನವರಿಗೆ ಚಿತ್ರ ಕದಡುವುದಿಲ್ಲ. ನೀವು ನಕ್ಷೆಯಲ್ಲಿ ಹಟ ಹಿಡಿದು ಮಾಡಿಸಬೇಕಾದ ಒಂದೇ ಒಂದು ವಿಷಯ ಇದ್ದರೆ ಅದು ಇದೇ.

ಕಾಂಕ್ರೀಟು ಅಲುಗುವುದಿಲ್ಲ, ಸದ್ದಿಲ್ಲ, ಊರ ಗೌಂಡಿಗಳಿಗೆ ಗೊತ್ತಿರುವ ಕೆಲಸ. ಜನ ಜಾಸ್ತಿ ಬರುವ ಕಡೆ, ರಸ್ತೆ ಪಕ್ಕದಲ್ಲಿ, ನೀರು ಹತ್ತಿರ ಸಿಗುವ ಕಡೆ ಇದು ಸರಿ. ಕಾಡಿನೊಳಗಾದರೆ ಜಲ್ಲಿ, ಮರಳು, ಸಿಮೆಂಟಿನ ಲೋಡುಗಳು ಬರಬೇಕು. ತಿಂಗಳುಗಟ್ಟಲೆ ಜನ ಅಲ್ಲೇ ಬೀಡುಬಿಡಬೇಕು. ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆಯಾಗಿಡಲು, ಟ್ಯಾಂಕರ್ ನೀರು ಬೇಕು. ನಮ್ಮ ಬಿಸಿಲಿನಲ್ಲಿ ಕ್ಯೂರಿಂಗ್ ತಪ್ಪಿದರೆ ಕಾಲಂ ಮೇಲೆ ಕೂದಲೆಳೆ ಬಿರುಕು ಬರುತ್ತದೆ. ಆಮೇಲೆ ಒಳಗಿನ ಸರಳಿಗೆ ತುಕ್ಕು. ಕಬ್ಬಿಣದ ಗೋಪುರದ ತುಕ್ಕು ಕಣ್ಣಿಗೆ ಕಾಣುತ್ತದೆ, ಇದು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಕಾಂಕ್ರೀಟಿನದು ಇನ್ನೊಂದು ಅಪಾಯ ಇದೆ, ಹೆಜ್ಜೇನು. ಎತ್ತರದಲ್ಲಿ, ಮಳೆ ತಾಗದ ಅಗಲವಾದ ಅಡಿಭಾಗ ಅಂದರೆ ಹೆಜ್ಜೇನಿಗೆ ಹೇಳಿ ಮಾಡಿಸಿದ ಜಾಗ. ಊರ ಓವರ್‌ಹೆಡ್ ಟ್ಯಾಂಕಿನ ಕೆಳಗೆ ನೋಡಿದ್ದೀರಲ್ಲ. ಒಂದು ಕಡೆ ನಾನು ಅರ್ಧ ಮೆಟ್ಟಿಲು ಹತ್ತಿದ ಮೇಲೆ ತಲೆಯ ಮೇಲೆ ನೋಡಿದೆ. ಸ್ಲ್ಯಾಬಿನ ಅಡಿಗೆ ಮೂರು ಹುಟ್ಟು, ಒಂದೊಂದೂ ಮೊರದಷ್ಟು ಅಗಲ. ಹುಟ್ಟಿನ ಮೈ ಮೇಲೆ ಅಲೆ ಹರಿದ ಹಾಗೆ ಹುಳುಗಳು ಮಿನುಗುತ್ತಿದ್ದವು. ಉಸಿರು ಬಿಗಿಹಿಡಿದು ಹಿಂದೆ ಹಿಂದೆ ಇಳಿದೆ. ಮೇಲೆ ಸಿಕ್ಕಿಕೊಂಡವರಿಗೆ ಓಡಲು ಬೇರೆ ದಾರಿ ಇರಲಿಲ್ಲ. ಅಗಲದ ಸಜ್ಜೆ ಬೇಡ. ಅಡಿಭಾಗ ಚಪ್ಪಟೆಯಾಗಿದ್ದರೆ ಜಾಲರಿ ಹೊಡೆಸಿ. ಕಬ್ಬಿಣದ ಗೋಪುರದ ಮಾಡಿಗೂ ಈ ಮಾತು ಸಲ್ಲುತ್ತದೆ. ಋತು ಶುರುವಾಗುವ ಮುಂಚೆ ಒಮ್ಮೆ ಯಾರಾದರೂ ಕೆಳಗೆ ನಿಂತು ತಲೆಯೆತ್ತಿ ನೋಡಲಿ.

ಕಬ್ಬಿಣವಿರಲಿ, ಕಾಂಕ್ರೀಟಿರಲಿ, ಕೆಲವು ಅಳತೆಗಳಲ್ಲಿ ರಾಜಿ ಬೇಡ. ಮೆಟ್ಟಿಲ ಎತ್ತರ 16 ಸೆಂಟಿಮೀಟರ್, ಎಲ್ಲವೂ ಒಂದೇ ಸಮ. ಹನ್ನೆರಡು ಮೆಟ್ಟಿಲಿಗೊಂದು ನಿಲ್ಲುವ ಜಾಗ. ಕಟಾಂಜನ 1.1 ಮೀಟರಿಗಿಂತ ಕಡಿಮೆ ಬೇಡ, ಸರಳುಗಳ ನಡುವೆ ಮಗುವಿನ ತಲೆ ತೂರಬಾರದು. ಅಡ್ಡಸರಳು ಹಾಕಿದರೆ ಮಕ್ಕಳು ಏಣಿ ಮಾಡಿಕೊಳ್ಳುತ್ತಾರೆ, ನೆಟ್ಟಗಿನ ಸರಳೇ ಇರಲಿ. ಬಣ್ಣ ಮಣ್ಣಿನದು, ಹೊಳಪಿಲ್ಲದ್ದು. ಮುಂಗಾರಿನ ಮುಂಚಿನ ಗುಡುಗುಮಳೆಗೆ ಸಿಡಿಲು ಜಾಸ್ತಿ. ಸಿಡಿಲು ತಡೆಯ ತಂತಿ ಬೇಕೇ ಬೇಕು. ಬಂಡೆಯ ಮೇಲೆ ಅದು ಕೆಲಸ ಮಾಡುವುದಿಲ್ಲ, ತೇವದ ಮಣ್ಣು ಸಿಗುವವರೆಗೆ ಕೆಳಗೆ ಎಳೆದುಕೊಂಡು ಹೋಗಬೇಕು. ಮೋಡ ಗುಡುಗಿದರೆ ಬಾಗಿಲಿಗೆ ಬೀಗ.

ಮೂವರಿಗೂ ನಾನು ಹೇಳಿದ್ದು

ಪಂಚಾಯಿತಿ ಸದಸ್ಯರಿಗೆ: ಏರಿಯ ತೆಂಕಣ ತುದಿಯಲ್ಲಿ ಕಲ್ಲುಕಂಬದ ಮರೆ. ಈಗಿರುವ ದುಡ್ಡಿನಲ್ಲಿ ಅದೊಂದೇ ಅಲ್ಲ, ದೂರದೂರದಲ್ಲಿ ಎರಡು ಆಗುತ್ತವೆ. ಉಳಿದದ್ದನ್ನು ಗಾಲಿಕುರ್ಚಿಯ ದಾರಿಗೆ ಹಾಕಿ. ಕೆರೆಯೊಳಗೆ ಒತ್ತಿಕೊಂಡು ಬರುತ್ತಿರುವ ಬಳ್ಳಾರಿ ಜಾಲಿಯನ್ನು ನೋಟಕ್ಕೆ ಅಡ್ಡ ಬರುವ ಕಡೆಯಷ್ಟೇ ತೆಗೆಸಿ. ಗೂಡಿರುವ ಮರ ಮುಟ್ಟಬೇಡಿ.

ಗಂಗಾವತಿಯ ಹುಡುಗರಿಗೆ: ನಿಮ್ಮ ಜಾಗಕ್ಕೆ ಗುಡ್ಡ ಇದೆ. ಕಲ್ಲಿನ ಗಿಡ್ಡ ಮಂಟಪ, ಹುಲ್ಲಿನ ಮಾಡು. ದುಡ್ಡು ಸಾಲದಿದ್ದರೆ ಈ ವರ್ಷ ಗೋಡೆ, ಮುಂದಿನ ವರ್ಷ ಮಾಡು.

ಸಂಡೂರಿನ ಕಡೆಯ ರೈತರದು ಕಷ್ಟದ ಪ್ರಶ್ನೆ. ಬಯಲು, ಆಳೆತ್ತರದ ಪೊದೆ, ಕೆಳಗೆ ಎರೆ. ಅವರಿಗೆ ಬೋಲ್ಟಿನ ಕಬ್ಬಿಣ, 6 ಮೀಟರ್, ಆಳದ ಪೈಲ್, ಒಮ್ಮೆಗೆ ಎಂಟು ಜನ. ಖರ್ಚು ಜಾಸ್ತಿಯೇ. ಅದಕ್ಕೇ ಅವರಿಗೆ ಇನ್ನೊಂದು ಮಾತು ಹೇಳಿದೆ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಪೈಪಿನ ಸಾರ್ವೆ ಒಂದು ವಾರಕ್ಕೆ ತನ್ನಿ. ನಿಮ್ಮ ಹೊಲದಲ್ಲೇ 3 ಮೀಟರಿಗೊಂದು, 6 ಮೀಟರಿಗೊಂದು ಹಲಗೆ ಬಿಗಿಯಿರಿ. ಸರಿಯಾಗಿ ಕಟ್ಟುವವರಿಂದಲೇ ಕಟ್ಟಿಸಿ, ಒಮ್ಮೆಗೆ ಇಬ್ಬರೇ ಹತ್ತಿ. ನಾಲ್ಕು ಸಂಜೆ ಕೆಳಗಿನದರಲ್ಲಿ, ಮೂರು ಸಂಜೆ ಮೇಲಿನದರಲ್ಲಿ ಕೂತು, ಏನು ಕಂಡಿತು, ಎಷ್ಟು ದೂರದಲ್ಲಿ, ಸೂರ್ಯ ಎಲ್ಲಿದ್ದ, ಗಾಳಿ ಯಾವ ಕಡೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಹೋದ ವಾರ ಅವರು ಫೋನ್ ಮಾಡಿದ್ದರು. ಸಾರ್ವೆ ಕಟ್ಟಿದ್ದಾರೆ. ಮೊದಲ ಸಂಜೆ ಮೂರು ಮೀಟರಿನ ಹಲಗೆಯಿಂದಲೇ ಬಣ್ಣದ ಗೌಜಲಕ್ಕಿಗಳ ಜೋಡಿಯೊಂದು ನೀರಿಗೆ ಇಳಿದದ್ದು ಕಂಡಿತಂತೆ. ಇನ್ನೂ ಆರು ಸಂಜೆ ಬಾಕಿ ಇದೆ.